ಪ್ಲಗ್ ಕೀಳುವವಳು

ನನ್ನ ಗಂಡನಿಗೆ ಇಬ್ಬರು ಹೆಂಡಿರು. ಒಬ್ಬಳು ನಾನು, ಇನ್ನೊಬ್ಬಳು ಹಾಲ್‌ನಲ್ಲಿ ಕೂತಿರುವ ಹಾಡು ಕೇಳುವ ಸೆಟ್ಟು. ಅವಳಿಗೆ ಧೂಳು ಆಗದು, ಬಿಸಿಲು ಆಗದು, ಗುಡುಗಂತೂ ಮೊದಲೇ ಆಗದು. ಹಿಂದಿನ ಸೆಟ್ಟು ಸಿಡಿಲಿಗೆ ಸುಟ್ಟುಹೋದ ಮೇಲೆ, ಗುಡುಗಿದ ತಕ್ಷಣ ಪ್ಲಗ್ ಕೀಳುವುದು ನನ್ನ ಪಾಲಿಗೆ ಬಂತು. ಇವರು ಆಫೀಸಿನಲ್ಲಿರುತ್ತಾರಲ್ಲ. ತರಕಾರಿಗೆ ಹೋದರೂ ನನ್ನ ಕಣ್ಣು ಆಕಾಶದ ಮೇಲೇ.

ಹೀಗಿರುವಾಗ ಪಕ್ಕದ ಬೀದಿಯ ಟೈಲರಮ್ಮ ಕರೆದರು. ಅವರ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವಳು ಕೆಲಸ ಬಿಟ್ಟಿದ್ದಳು. "ನಿನ್ನ ಕೈ ನಂಗೊತ್ತು. ಸೋಮವಾರದಿಂದ ಬಾ. ಆಗಲ್ಲ ಅಂದ್ರೆ ಬೇರೆಯವಳನ್ನ ನೋಡ್ಕೋತೀನಿ" ಅಂದರು. ಮದುವೆಯಾದಾಗ ಕೆಳಗಿಟ್ಟ ಕತ್ತರಿ. ನನಗೆ ಆ ಕೆಲಸ ಬೇಕೇ ಬೇಕಿತ್ತು.

"ಹೋಗು, ನಾನೇನು ಬೇಡ ಅಂದ್ನಾ?" ಅಂದರು ಇವರು. "ಗುಡುಗಿದ್ರೆ ಪ್ಲಗ್ ಕೀಳೋರು ಯಾರು, ಅದೊಂದು ಹೇಳಿ ಹೋಗು."

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಎಲೆಕ್ಟ್ರಿಕಲ್ ಅಂಗಡಿಗೆ ಹೋಗಿ ಸರ್ಜ್ ಪ್ರೊಟೆಕ್ಟರ್ ಕೇಳಿದೆ. ಒಂದೊಂದನ್ನೂ ತಿರುಗಿಸಿ ನೋಡಿ ಅಂಗಡಿಯವನ ತಲೆ ತಿಂದೆ.

"ಅಗ್ಗದ್ದು ಹೆಸರಿಗೆ ಮಾತ್ರ ಅಕ್ಕ, ಬರೀ ಎಕ್ಸ್‌ಟೆನ್ಷನ್ ಬಾಕ್ಸು. ಇದು ತಗೊಳ್ಳಿ. ಕರೆಂಟ್ ಏಕಾಏಕಿ ಏರಿದ್ರೆ ಏಟು ತಾನು ತಿನ್ನುತ್ತೆ, ಸೆಟ್ಟಿಗೆ ಬಿಡಲ್ಲ. ಈ ಹಸಿರು ದೀಪ ಉರೀತಿದ್ರೆ ಅದು ಕೆಲಸ ಮಾಡ್ತಿದೆ ಅಂತ."

ಅವನೇ ಮನೆಗೆ ಬಂದು ಗೋಡೆಯ ಅರ್ತಿಂಗ್ ಪರೀಕ್ಷಿಸಿ, ಸರಿಯಿದೆ ಅಂದು ಡಬ್ಬ ಜೋಡಿಸಿದ. ಹೊರಡುವಾಗ, "ಸಿಡಿಲು ಮನೆ ಮೇಲೇ ಬಿದ್ರೆ ಮಾತ್ರ ಯಾರ ಕೈಲೂ ಆಗಲ್ಲ" ಎಂದೂ ಸೇರಿಸಿದ. ಆ ಮಾತನ್ನು ನಾನು ಇವರಿಗೆ ಹೇಳಲಿಲ್ಲ.

ಸಂಜೆ ಇವರು ಹಾಡು ಹಾಕಿ ಕಣ್ಣು ಮುಚ್ಚಿ ಕೂತರು. "ಸೌಂಡ್ ತೆಳ್ಳಗಾಗಿದೆ. ಈ ಡಬ್ಬ ಅದರ ಜೀವ ಹೀರ್ತಿದೆ. ತೆಗೆದುಬಿಡು."

ನನಗೆ ಮೈಯೆಲ್ಲ ಉರಿಯಿತು. ಸ್ಟ್ಯಾಂಡಿನ ಹಿಂದೆ ಬಗ್ಗಿ, ಸೆಟ್ಟಿನ ಪ್ಲಗ್ ಕಿತ್ತು, ಅದೇ ಡಬ್ಬಕ್ಕೆ ಮತ್ತೆ ಚುಚ್ಚಿದೆ. "ಈಗ ಕೇಳಿ."

"ನೋಡು, ದನಿಗೆ ಜೀವ ಬಂತು. ಕಿವಿ ಇದ್ದೋರಿಗೆ ಗೊತ್ತಾಗುತ್ತೆ."

"ಕಣ್ಣೂ ಇದೆಯಲ್ಲ, ಸ್ವಲ್ಪ ಬಗ್ಗಿ ನೋಡಿ" ಅಂದೆ.

ಬಗ್ಗಿದರು. ಡಬ್ಬ ಇದ್ದಲ್ಲೇ ಇತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಆ ಗಾದೆ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಇವರು ಪೆಚ್ಚುಮೋರೆ ಹಾಕಿಕೊಂಡು, "ಆಯ್ತು, ಹೋಗಮ್ಮ. ಸೆಟ್ಟಿಗೆ ಏನಾದ್ರೂ ಆದ್ರೆ ಮಾತ್ರ ನೀನೇ ಜವಾಬ್ದಾರಿ" ಅಂದರು.

ಸೋಮವಾರ ಟೈಲರಮ್ಮ ಯಾರದೋ ಬೆಲೆಬಾಳುವ ನೀಲಿ ಬಟ್ಟೆಯನ್ನು ನನ್ನ ಮುಂದೆ ಹರಡಿದರು. ಸೀಮೆಸುಣ್ಣದ ಗೆರೆಯ ಮೇಲೆ ಕತ್ತರಿ ಓಡುತ್ತಿದ್ದರೆ ನನಗೆ ಊಟದ ನೆನಪೂ ಇರಲಿಲ್ಲ. ಅಷ್ಟು ಖುಷಿಯಾಗಿದ್ದೆ. ಮಧ್ಯಾಹ್ನ ಎಲ್ಲೋ ದೂರದಲ್ಲಿ ಮೋಡ ಗುಡುಗಿತು.

ಕತ್ತರಿ ನಿಂತಿತು. ನಾನು ಚಪ್ಪಲಿ ಮೆಟ್ಟುತ್ತಿದ್ದೆ.

"ಎಲ್ಲಿಗೆ?" ಅಂದರು ಟೈಲರಮ್ಮ.

"ಈಗ ಬಂದೆ."

"ಅರ್ಧಕ್ಕೆ ಬಿಟ್ಟು ಹೋದ್ರೆ ನಾಳೆ ಬರೋದು ಬೇಡ."

ಆ ಮಾತು ಕಿವಿಗೆ ಸರಿಯಾಗೇ ಬಿತ್ತು. ಆದರೂ ಕಾಲು ನಿಲ್ಲಲಿಲ್ಲ. ಬೀದಿಯಲ್ಲಿ ಓಡಿದೆ, ಬೀಗ ತೆಗೆದೆ, ಸ್ಟ್ಯಾಂಡಿನ ಹಿಂದೆ ಬಗ್ಗಿದೆ, ಕಿತ್ತೆ.

ಆಮೇಲೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಗುಡುಗು ಅದೊಂದೇ, ಮತ್ತೆ ಬರಲಿಲ್ಲ. ಡಬ್ಬದ ಹಸಿರು ದೀಪ ತನ್ನ ಪಾಡಿಗೆ ಉರಿಯುತ್ತಿತ್ತು. ಪ್ಲಗ್ ನನ್ನ ಕೈಯಲ್ಲಿತ್ತು. ಈ ಸಲ ಅದನ್ನು ಕೀಳು ಎಂದು ನನಗೆ ಯಾರೂ ಹೇಳಿರಲಿಲ್ಲ.