ಯಾರೂ ಜೊತೆಗಿಲ್ಲದ ರೋಗಿ

ಮೇಟ್ರನ್ ಹೊರಗೆ ಕಳಿಸಿದ್ದ ರೋಗಿಯ ಮಗಳನ್ನು ಸೌದಾಮಿನಿ ಮತ್ತೆ ಒಳಗೆ ಕರೆದಳು. ಪರೀಕ್ಷೆ ಕೆಟ್ಟಿತೆಂದು ನನಗೆ ಆಗಲೇ ಅನ್ನಿಸಿತು.

ಎರ್ನಾಕುಳಂನ ಒಂದು ಆಸ್ಪತ್ರೆಯ ಹೆಂಗಸರ ವಾರ್ಡು ಅದು. ತಮ್ಮ ಆಸ್ಪತ್ರೆಗೆ ನರ್ಸುಗಳನ್ನು ಆರಿಸಲು ಇಂಗ್ಲೆಂಡಿನಿಂದ ಬಂದಿದ್ದ ಮಿಸ್ ಹಾರ್ಲಿ ಎಂಬ ಮೇಟ್ರನ್, ಪ್ರಶ್ನೆಗಳನ್ನೆಲ್ಲ ಮುಗಿಸಿ, ಕೊನೆಗೆ ಕೆಲಸ ಮಾಡಿ ತೋರಿಸಲು ಹೇಳಿದ್ದರು. ಸೊಂಟ ಮುರಿದು ಮಲಗಿದ್ದ ಒಬ್ಬ ಮುದುಕಿಗೆ ಹಾಸಿಗೆಯಲ್ಲೇ ಮೈ ತೊಳೆಸಬೇಕು. ಸೌದಾಮಿನಿ ನನ್ನ ಗಂಡನ ತಂಗಿ. ಮಂಗಳೂರಿನಲ್ಲಿ ತರಬೇತಿ ಪಡೆದು, ತಿರುವನಂತಪುರದಲ್ಲಿ ಏಳು ವರ್ಷದಿಂದ ನರ್ಸಾಗಿ, ಅಲ್ಲಿನ ಪಟ್ಟಂನ ನಮ್ಮ ಬಾಡಿಗೆ ಮನೆಯಲ್ಲೇ ಇರುವವಳು. ಮಿಸ್ ಹಾರ್ಲಿ ಒಪ್ಪಿದರೆ ಅವಳಿಗೆ ಅಲ್ಲಿ ಕೆಲಸ, ಆಮೇಲೆ ಅಲ್ಲಿನ ನರ್ಸುಗಳ ಕೌನ್ಸಿಲ್ಲಿನಲ್ಲಿ ನೋಂದಣಿ. ಒಪ್ಪದಿದ್ದರೆ ಕಾಸರಗೋಡಿನಲ್ಲಿ ಅತ್ತೆಯವರು ನೋಡಿಟ್ಟಿರುವ ವರ. ಹುಡುಗಿ ನರ್ಸಿನ ಕೆಲಸ ಬಿಡಬೇಕೆಂಬುದು ಆ ಮನೆಯವರ ಮೊದಲ ಮಾತು.

ಒಬ್ಬಳೇ ಹೋಗಬಾರದೆಂದು ನಾನು ಜೊತೆಗೆ ಬಂದಿದ್ದೆ. ವರಾಂಡದ ಬೆಂಚಿನಿಂದ, ಪರದೆಯ ಸಂದಿಯಲ್ಲಿ, ಎಲ್ಲವೂ ಕಾಣುತ್ತಿತ್ತು. ಸೌದಾಮಿನಿ ನೀರಿಗೆ ಮೊಣಕೈ ಅದ್ದಿ ಬಿಸಿ ನೋಡಿದಳು. ಮೊದಲು ಸೋಪಿಲ್ಲದೆ ಕಣ್ಣು ಒರೆಸಿದಳು. ತೊಳೆಯುವ ಭಾಗವನ್ನಷ್ಟೇ ತೆರೆದು, ಉಳಿದದ್ದನ್ನು ಮುಚ್ಚಿದಳು. ಆದರೆ ಮುದುಕಿಯ ಕಣ್ಣು ಬಾಗಿಲ ಕಡೆಗೇ ಹೋಗುತ್ತಿತ್ತು. ಕಾಲಿನ ಸರದಿ ಬಂದಾಗ ಸೌದಾಮಿನಿ ಕೈ ಒರೆಸಿಕೊಂಡು ಬಾಗಿಲಿಗೆ ಬಂದು, ನನ್ನ ಪಕ್ಕದಲ್ಲಿ ಕೂತಿದ್ದ ಮಗಳಿಗೆ, "ಚೇಚೀ, ವಾ" ಎಂದು ಮಲಯಾಳದಲ್ಲಿ ಅಕ್ಕನನ್ನು ಕರೆದಂತೆ ಕರೆದಳು. ಒದ್ದೆ ಬಟ್ಟೆಯನ್ನು ಅವಳ ಕೈಗೇ ಕೊಟ್ಟಳು. ಮುರಿದ ಕಡೆ ಅಲುಗದಂತೆ ತಾನು ಕಾಲು ಹಿಡಿದಳು. ಉಗುರು ಬೆಳೆದಿದೆಯೆಂದು ಬೈಯುತ್ತ ಮಗಳು ತಾಯಿಯ ಪಾದ ತೊಳೆದಳು. ಮುದುಕಿ ಬಾಗಿಲು ನೋಡುವುದನ್ನು ಬಿಟ್ಟಳು.

ನಮ್ಮ ಆಸ್ಪತ್ರೆಗಳಲ್ಲಿ ನಡೆಯುವುದೇ ಹೀಗೆ. ಪ್ರತಿ ಮಂಚದ ಕೆಳಗೆ ಒಂದು ಚಾಪೆ, ಒಂದು ಗಂಜಿಯ ಪಾತ್ರೆ, ಮನೆಯ ಒಬ್ಬರು. ಸೂಜಿ, ಔಷಧಿ ನರ್ಸಿನದು. ಉಣಿಸುವುದು, ತೊಳೆಸುವುದು ಮನೆಯವರದು. ನರ್ಸು ಅದಕ್ಕೂ ಕೈ ಹಾಕಿದರೆ, "ನಾವೇನು ಸತ್ತಿದ್ದೇವಾ?" ಎಂದು ಕೇಳುತ್ತಾರಂತೆ.

"ನಿಮಗೆ ಈ ಕೆಲಸ ಬರುವುದಿಲ್ಲವೇ? ಅಥವಾ ಮಾಡಲು ಇಷ್ಟವಿಲ್ಲವೇ?" ಮಿಸ್ ಹಾರ್ಲಿ ಇಂಗ್ಲಿಷಿನಲ್ಲಿ ಕೇಳಿದರು.

"ಮಗಳು ಇದ್ದಾಳಲ್ಲ, ಮೇಡಂ."

"ನಮ್ಮ ವಾರ್ಡಿನಲ್ಲಿ ಮಗಳು ಇರುವುದಿಲ್ಲ. ಭಾನುವಾರ ಹೂವು ತಂದುಕೊಟ್ಟು ಹೋಗುತ್ತಾಳೆ. ಆಗ ಯಾರನ್ನು ಕರೆಯುತ್ತೀರಿ?"

ನಾನು ಮಾತಾಡಬಾರದಿತ್ತೇನೋ, ಆದರೂ ಎದ್ದು ಬಾಗಿಲಲ್ಲಿ ನಿಂತು, ಇನ್ನೊಮ್ಮೆ ಅವಕಾಶ ಕೊಡಬಹುದೇ ಎಂದು ಕೇಳಿದೆ. ಮಿಸ್ ಹಾರ್ಲಿ ವಾರ್ಡಿನ ಸುತ್ತ ನೋಡಿದರು. ಎಲ್ಲ ರೋಗಿಗಳ ಬಳಿಯೂ ಮನೆಯವರು ಯಾರೋ ಒಬ್ಬರಿದ್ದರು.

"ನೀವು ಇವರಿಗೆ ಏನಾಗಬೇಕು?"

"ಅಣ್ಣನ ಹೆಂಡತಿ."

"ಹಾಗಾದರೆ ನೀವೇ ಮಲಗಿ. ಮುಖ, ಕೈ, ಕಾಲು ಸಾಕು."

ಖಾಲಿ ಮಂಚವೊಂದರ ಮೇಲೆ ಮಲಗಿದೆ. ಸೌದಾಮಿನಿ ನನಗಿಂತ ಎರಡು ವರ್ಷ ದೊಡ್ಡವಳು. ಆದರೂ ನಾನು ಅತ್ತಿಗೆ, ನನಗೆ ಬಹುವಚನ. ಡ್ಯೂಟಿಯಿಂದ ಬಂದವಳು ಹಿತ್ತಿಲಲ್ಲಿ ಸ್ನಾನ ಮಾಡಿಯೇ ಒಳಗೆ ಬರಬೇಕೆಂದು ಅತ್ತೆಯವರು ಹಾಕಿದ ಕಟ್ಟಳೆ ನಮ್ಮ ಮನೆಯಲ್ಲಿ ನಡೆಯುತ್ತದೆ. ಅವಳ ಕೈ ನನಗೆ ತಾಗಿದ್ದೇ ಕಡಿಮೆ.

"ಎಂತ ಅತ್ತಿಗೆ, ಕಟ್ಟಿಗೆಯ ಹಾಗೆ ಬಿಗಿದುಕೊಂಡಿದ್ದೀರಿ? ಸಡಿಲ ಬಿಡಿ."

"ಮೆತ್ತಗೆ ಮಾತಾಡೇ, ಅವರಿಗೆ ಕೇಳ್ಸುತ್ತೆ."

"ಕನ್ನಡ ತಿಳೀಲಿಕ್ಕೆ ಅವರೆಂತ ನಮ್ಮ ಊರ ಕಡೆ ಕುಂಬಳೆಯವರಾ?"

ನಗು ತಡೆಯುವಷ್ಟರಲ್ಲಿ ಮುಖ ತೊಳೆದಾಗಿತ್ತು. ಕೈಗಳೂ ಆದವು. ಅವಳು ಪಾದದ ಬಳಿ ಬಂದಾಗ ನಾನು ಕಾಲು ಎಳೆದುಕೊಂಡೆ.

"ಕಾಲು ಬೇಡ ಕಣೇ."

"ಕೊಡಿ ಇಲ್ಲಿ. ಈಗ ನೀವು ರೋಗಿ, ಅತ್ತಿಗೆ ಅಲ್ಲ."

ಹಿಮ್ಮಡಿಯನ್ನು ಅಂಗೈಯಲ್ಲಿ ಇಟ್ಟುಕೊಂಡಳು. ಬೆರಳ ಸಂದಿಗಳನ್ನು ತೊಳೆದು, ಒಂದೊಂದನ್ನೇ ಒರೆಸಿದಳು. ಅವಸರವಿರಲಿಲ್ಲ. ಬೆಳಗಿನಿಂದ ನಾನು ಎಷ್ಟು ದಣಿದಿದ್ದೆನೆಂದು ಆಗ ತಿಳಿಯಿತು. ಪಾದದ ಭಾರವನ್ನು ಬೇರೊಬ್ಬರಿಗೆ ಒಪ್ಪಿಸಿ ಮಲಗಬಹುದೆಂದು ನಾನು ಯೋಚಿಸಿದವಳೇ ಅಲ್ಲ. ಅವಳು ಟವೆಲ್ ಮಡಿಸುವಾಗ ನನ್ನ ಕಣ್ಣು ಮುಚ್ಚಿತ್ತು. ಯಾರನ್ನೂ ಕರೆಯಬೇಕೆನ್ನಿಸಿರಲಿಲ್ಲ.

"ಬರಬಹುದು," ಅಂದರು ಮಿಸ್ ಹಾರ್ಲಿ. "ಆದರೆ ನೋಂದಣಿಗೆ ಮೊದಲು ಕೆಲವು ತಿಂಗಳು ನಮ್ಮಲ್ಲಿ ಕಲಿಯುವವರ ಜೊತೆಗೆ ಇರಬೇಕು. ನಿಮಗಿಂತ ಚಿಕ್ಕವರು ಹೇಳಿದಂತೆ ಇದನ್ನೇ ಮಾಡಬೇಕು. ಏಳು ವರ್ಷದ ಮೇಲೆ ಅದು ಕಷ್ಟವಾಗಬಹುದು."

"ಬರುತ್ತೇನೆ." ಸೌದಾಮಿನಿ ನನ್ನ ಕಡೆ ನೋಡಲಿಲ್ಲ.

ಸಂಜೆಯ ರೈಲಿಗೆ ಕಾಯುತ್ತ ಸ್ಟೇಷನ್ನಿನ ಬೆಂಚಿನಲ್ಲಿ ಪಳಂಪೊರಿ, ಅಂದರೆ ಬಾಳೆಹಣ್ಣಿನ ಬಜ್ಜಿ, ತಿಂದೆವು. ಹೊಸದಾಗಿ ಹಾಕಿದ ಕೋಟ್ಟಯಂ ಹಳಿಯ ಮೇಲೆ ತಿರುವನಂತಪುರಕ್ಕೆ ಹೋಗುವ ರೈಲು. ಅತ್ತೆಯವರಿಗೆ ಹೇಗೆ ತಿಳಿಸುವುದೆಂದು ನಾನು ಮನಸ್ಸಿನಲ್ಲೇ ವಾಕ್ಯ ಜೋಡಿಸುತ್ತಿದ್ದೆ. ಯಾವ ವಾಕ್ಯವೂ ಕೊನೆ ಮುಟ್ಟಲಿಲ್ಲ.

"ನೀವು ತಲೆ ಬಿಸಿ ಮಾಡ್ಬೇಡಿ. ಅಮ್ಮನಿಗೆ ನಾನೇ ಹೇಳ್ತೇನೆ," ಅಂದಳು. ಇನ್ನೊಂದು ತುಂಡು ಮುರಿದುಕೊಂಡು, "ಅತ್ತಿಗೆ, ನೀವು ಕಾಲೇಜಿನಲ್ಲಿ ಇಂಗ್ಲಿಷ್ ಓದಿದವರಲ್ವಾ. ಇಲ್ಲಿ ಮುದುಕಿಯರನ್ನು ಅಮ್ಮಚ್ಚಿ, ಅಮ್ಮೂಮ್ಮ ಅಂತ ಕರೀತೇನೆ. ಅಲ್ಲಿ ಎಂತ ಅನ್ನುವುದು?"

"ಮಿಸೆಸ್ ಅಂತ. ಗಂಡನ ಮನೆ ಹೆಸರು ಸೇರಿಸಿ."

"ಮೈ ತೊಳೆಸುವಾಗ್ಲೂ?"

"ಆಗ್ಲೂನು."

ಕಾಗದದಲ್ಲಿ ಉಳಿದಿದ್ದ ಚೂರನ್ನು ಬಾಯಿಗೆ ಹಾಕಿಕೊಂಡು ಅವಳು ಯೋಚಿಸಿದಳು.

"ಹಾಗಾದ್ರೆ ನೀರು ಬಿಸಿ ಮಾಡುವ ಮೊದ್ಲು ಅವರ ಹತ್ರವೇ ಹೆಸರು ಕೇಳಿ ಇಟ್ಟುಕೊಳ್ಬೇಕು," ಅಂದಳು. "ಅಲ್ಲಿ ಕೇಳ್ಲಿಕ್ಕೆ ಮನೆಯವರು ಯಾರೂ ಇರುವುದಿಲ್ಲ."