ಮುಂದಿನ ವರ್ಷದ ಅಳತೆ

ಅಶ್ವತ್ಥಪ್ಪನ ಮನೆಯಲ್ಲಿ ಯಾವ ಹೊಸ ಬಟ್ಟೆಯೂ ಕೊಂಡ ವರ್ಷ ಮೈಗೆ ಹಿಡಿದದ್ದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವುದು ಲೋಕದ ಗಾದೆ. ದೊಡ್ಡ ಹಾಸಿಗೆ ತಾ, ಕಾಲು ತಾನೇ ಬೆಳೆಯುತ್ತದೆ ಎನ್ನುವುದು ಅವನ ಗಾದೆ. ಮಗಳು ಆದಿಲಕ್ಷ್ಮಿ ಒಂದನೇ ಕ್ಲಾಸಿನ ಲಂಗವನ್ನು ಒಂದೊಂದೇ ಮಡಿಕೆ ಬಿಚ್ಚುತ್ತಾ ಮೂರನೇ ಕ್ಲಾಸಿನವರೆಗೆ ಉಟ್ಟವಳು. ಗೊಣಗಿದರೆ "ಬೆಳೆಯೋ ಮಗು ಕಣೇ ನೀನು" ಅನ್ನುತ್ತಿದ್ದ, ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಎಂಬತ್ತಮೂರರಲ್ಲಿ ಅವಳಿಗೆ ಹದಿನೈದು. ಮಾಲೂರಿನ ಹೈಸ್ಕೂಲಿನ ಹಾಕಿ ತಂಡಕ್ಕೆ ಗೋಲ್‌ಕೀಪರ್. ಅಜ್ಜಿಯ ಹಳೇ ಸೀರೆಯ ಚೂರನ್ನು ಬಲಗೈಗೆ ಸುತ್ತಿಕೊಂಡೇ ಎರಡು ವರ್ಷ ಆಡಿದ್ದಳು. ಹೋದ ತಿಂಗಳು ಚೆಂಡು ಬಡಿದು ಬೆರಳಿನ ಗೆಣ್ಣು ಬದನೆಕಾಯಿಯಂತೆ ಊದಿತು. ಕೈಗೆ ಸರಿಯಾದ ಬ್ಲಾಕರ್, ಅಂದರೆ ಮೆತ್ತೆಯ ಕೈಗವಸು, ಇಲ್ಲದೆ ಶನಿವಾರದ ಪಂದ್ಯಕ್ಕೆ ಇಳಿಸುವುದಿಲ್ಲವೆಂದು ಡ್ರಿಲ್ ಮೇಷ್ಟ್ರು ಶ್ರೀನಿವಾಸಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟರು. ಗುರುವಾರ ರೇಷ್ಮೆಹುಳು ಪೊರೆ ಬಿಡಲು ಜ್ವರಕ್ಕೆ ಕೂತು ಸೊಪ್ಪು ಮುಟ್ಟದ ದಿನ, ಅಶ್ವತ್ಥಪ್ಪನಿಗೆ ಬಿಡುವಿತ್ತು. ಅಪ್ಪ ಮಗಳು ಲಕ್ಕೂರಿನಿಂದ ಬಸ್ಸು ಹತ್ತಿ ಕೋಲಾರಕ್ಕೆ ಬಂದರು.

ಆಟದ ಸಾಮಾನಿನ ಅಂಗಡಿಯ ಕೋದಂಡರಾಮಪ್ಪ ಎರಡು ಬ್ಲಾಕರ್ ತಂದಿಟ್ಟರು. ಬೆರಳುಗಳ ಹಿಂಬದಿಗೆ ದಪ್ಪ ಮೆತ್ತೆ, ಅಂಗೈಗೆ ತೆಳು ಚರ್ಮ. ಚಿಕ್ಕದನ್ನು ತೊಡಿಸಿ, ಮಣಿಕಟ್ಟಿನ ಪಟ್ಟಿ ಬಿಗಿದು, ಕೈಗೆ ಸ್ಟಿಕ್ಕು ಕೊಟ್ಟರು. ಮೆತ್ತೆಯ ಮೇಲೆ ಜೋರಾಗಿ ಗುದ್ದಿ, "ಚೂಡಮ್ಮಾ, ನೋವಾಯ್ತಾ?" ಎಂದು ತೆಲುಗು ಬೆರೆಸಿ ಕೇಳಿದರು.

"ಇಲ್ಲ ಸಾರ್."

ಅಶ್ವತ್ಥಪ್ಪನ ಕೈ ಅಭ್ಯಾಸಬಲದಿಂದ ದೊಡ್ಡದರ ಕಡೆಗೇ ಹೋಯಿತು. ತೊಡಿಸಿ ನೋಡಿದರೆ ಬೆರಳ ತುದಿಯಲ್ಲಿ ಒಂದಿಂಚು ಖಾಲಿ. ಸ್ಟಿಕ್ಕು ಹಿಡಿತಕ್ಕೆ ಸಿಗದೆ ತಿರುಗಿಹೋಯಿತು.

"ಇದು ಲಂಗ ಅಲ್ಲ ಯಜಮಾನ್ರೇ. ಸಡಿಲ ಇದ್ರೆ ಬೆರಳು ಮುರಿಯುತ್ತೆ," ಎಂದರು ಕೋದಂಡರಾಮಪ್ಪ.

ಜನ್ಮದಲ್ಲಿ ಮೊದಲ ಸಲ ಅಶ್ವತ್ಥಪ್ಪ ಸೋತ. "ಆಯ್ತು, ಚಿಕ್ಕದೇ ಕೊಡಿ."

"ಬೇಡ ಅಪ್ಪ, ದೊಡ್ಡದೇ ಇರ್ಲಿ," ಎಂದಳು ಆದಿಲಕ್ಷ್ಮಿ. "ಒಳಗೆ ಬಟ್ಟೆ ತುರುಕ್ಕೊಂತೀನಿ."

ಸಡಿಲ ಬಟ್ಟೆ ಬೇಡವೆಂದು ಹುಟ್ಟಿದಾಗಿನಿಂದ ಜಗಳವಾಡಿದ ಹುಡುಗಿ ಇವಳೇನಾ ಎಂದು ಅವನಿಗೆ ಆಶ್ಚರ್ಯ. "ಯಾಕೆ ಕಣಮ್ಮಾ?"

ಅವಳು ತಲೆ ತಗ್ಗಿಸಿದಳು. "ಚಿಕ್ಕದು ಈ ವರ್ಷಕ್ಕೆ ಮಾತ್ರ ಆಗುತ್ತೆ."

ಆಗ ಅವನಿಗೆ ನೆನಪಾಯಿತು. ಹತ್ತನೇ ಕ್ಲಾಸು ಮುಗಿದ ಮೇಲೆ ಹುಡುಗಿಗೆ ಕೋಲು ಚೆಂಡು ಯಾತಕ್ಕೆ ಎಂದು ಹೋದ ವಾರ ತನ್ನ ತಾಯಿ ಮುನಿಶಾಮಮ್ಮ ಕೇಳಿದ್ದರು. ಅವನು ಸೊಪ್ಪು ಹಾಕುತ್ತಲೇ, "ಈ ವರ್ಷ ಒಂದು ಆಡ್ಕೊಳ್ಳಲಿ ಬಿಡಮ್ಮ, ಆಮೇಲೆ ನಿಲ್ಸೋಣ" ಅಂದಿದ್ದ. ಮಗಳು ಹುಳುವಿನ ತಟ್ಟೆಗಳ ಆಚೆಗೆ ಕಸ ಗುಡಿಸುತ್ತಿದ್ದದ್ದು ಅವನ ಗಮನಕ್ಕೇ ಬಂದಿರಲಿಲ್ಲ. ತಂದ ವಸ್ತುವನ್ನು ಅಳತೆಗೆ ಬರುವ ಮೊದಲೇ ಮೂಲೆಗೆ ಎಸೆಯುವ ಮನೆ ಅದಲ್ಲವೆಂದು ಅವಳಿಗೆ ಗೊತ್ತಿತ್ತು. ಬೆರಳು ಮುರಿದರೂ ಸರಿ, ಆಡಲು ಎರಡು ವರ್ಷ ಹೆಚ್ಚು ಸಿಗಲಿ ಎಂದು ಲೆಕ್ಕ ಹಾಕಿದ್ದಳು. ಅಶ್ವತ್ಥಪ್ಪನಿಗೆ ನಾಚಿಕೆಯಾಯಿತು.

ಅವಳ ಕೈಯಿಂದ ದೊಡ್ಡದನ್ನು ಕಳಚಿದ. ಚಿಕ್ಕದನ್ನು ತಾನೇ ತೊಡಿಸಿ ಪಟ್ಟಿ ಬಿಗಿದ.

"ಇದನ್ನ ಕೊಡಿ ಸಾರ್. ಆ ದೊಡ್ಡದನ್ನ ಯಾರಿಗೂ ಮಾರ್ಬೇಡಿ. ಮುಂದಿನ ವರ್ಷ ಇದೇ ಕೈನ ಕರ್ಕೊಂಡ್ ಬರ್ತೀನಿ."

"ಅಜ್ಜಿ?" ಎಂದಳು ಮಗಳು.

"ಅಜ್ಜಿಗೆ ನಾನ್ ಹೇಳ್ತೀನಿ. ಹುಳಾನೇ ಬೆಳೆದಂಗೆಲ್ಲಾ ಪೊರೆ ಬಿಟ್ಟು ಹೊಸದಾಗುತ್ತೆ. ನನ್ ಮಗಳು ವರ್ಷಕ್ಕೊಂದು ಹಾಕ್ಕೊಬಾರ್ದಾ?"

ವಾಪಸು ಬಸ್ಸಿನಲ್ಲಿ ಅವಳು ಬ್ಲಾಕರ್ ತೆಗೆಯಲೇ ಇಲ್ಲ. ಕಂಡಕ್ಟರು ಕೊಟ್ಟ ಟಿಕೆಟ್ಟು ಹಿಡಿಯಲಾಗದೆ ಅಪ್ಪನ ಕಡೆಗೆ ನೋಡಿ ನಕ್ಕಳು. ಆ ಮನೆಗೆ ಬಂದ ಹೊಸ ವಸ್ತುವೊಂದು ಕೊಂಡ ದಿನವೇ ಸರಿಯಾಗಿ ಹಿಡಿದದ್ದು ಅದೇ ಮೊದಲು.