ನೀರ ನಡುವಿನ ತವರಿಗೆ ಗಾಲಿ ಕುರ್ಚಿ

ಹಿಂದೆ ಹಿಂದೆ, ಮೀನುಗಳಿಗೆ ಇನ್ನೂ ಮನೆ ಬಾಗಿಲುಗಳ ಗುರುತು ಸಿಗದಿದ್ದ ಕಾಲದಲ್ಲಿ, ಹೇಮಾವತಿ ಹೊಳೆಯ ಪಕ್ಕ ಒಂದು ಊರಿತ್ತು. ಊರಿನ ಹಿಂದೆ ಗುಡ್ಡ, ಗುಡ್ಡದ ನೆತ್ತಿಯಲ್ಲಿ ಬಂಡೆ. ಒಂದು ದಿನ ಹೊಳೆ ಊರಿಗೆ ಹೇಳಿತು: ದಿನಾ ನೀವೇ ನನ್ನ ಹತ್ರ ಬರ್ತೀರಿ, ಈ ಸಲ ನಾನೇ ನಿಮ್ಮನೆಗೆ ಬರ್ತೀನಿ. ಊರಿನವರು ಪಾತ್ರೆ ಪಡಗ, ಕೋಳಿ ಕುರಿ, ಬಾಗಿಲು ತೊಲೆ ಎಲ್ಲ ಕಟ್ಟಿಕೊಂಡು ಹೊಳೆಗೆ ಜಾಗ ಬಿಟ್ಟು ಹೋದರು. ನೆಂಟತನಕ್ಕೆ ಬಂದ ಹೊಳೆ ಮತ್ತೆ ಎದ್ದು ಹೋಗಲೇ ಇಲ್ಲ. ಗುಡ್ಡ ಮಾತ್ರ ನೀರಿನಿಂದ ಕತ್ತೆತ್ತಿ, ಯಾರಾದರೂ ಬರುತ್ತಾರಾ ಅಂತ ನೋಡುತ್ತಾ ಉಳಿಯಿತು.

ನಾನು ಮುದ್ದೆ ನುಂಗದೆ ಹಟ ಮಾಡಿದ ದಿನವೆಲ್ಲ ಅಜ್ಜಿ ಇದೇ ಕಥೆ ಹೇಳುತ್ತಿದ್ದಳು. ಊರಿನ ಹೆಸರು ಮಾತ್ರ ಹೇಳುತ್ತಿರಲಿಲ್ಲ. ಅದು ಏಳು ಸಮುದ್ರದಾಚೆ ಎಲ್ಲೋ ಇದೆ ಅಂದುಕೊಂಡು, ಕಣ್ಣು ಮುಚ್ಚಿದರೆ ಅಟ್ಟದ ಮೇಲೆ ಮೊಟ್ಟೆ ಇಡುವ ಮೀನುಗಳನ್ನು ಕಾಣುತ್ತಿದ್ದೆ. ದೊಡ್ಡವಳಾದ ಮೇಲೆ ತಿಳಿಯಿತು, ಅದು ಗೊರೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಬಿಲ್ಲೇಕೊಪ್ಪಲು. ನನ್ನ ಅಜ್ಜಿ ಪುಟ್ಟತಾಯಮ್ಮನ ತವರು. ಚನ್ನರಾಯಪಟ್ಟಣದ ಹತ್ತಿರದ ನಮ್ಮ ತೋಟದಿಂದ ತಿಂಡಿ ತಿಂದು ಗಾಡಿಯಲ್ಲಿ ಹೊರಟರೆ ಊಟದ ಹೊತ್ತಿಗೆ ಮೊದಲೇ ಸೇರಬಹುದಾದಷ್ಟು ಹತ್ತಿರ.

ಕಥೆಯಲ್ಲಿ ಅಜ್ಜಿ ಬಿಟ್ಟುಬಿಡುತ್ತಿದ್ದ ಒಂದು ತುಂಡಿತ್ತು. ಊರು ಖಾಲಿಯಾದಾಗ ಅವಳು ತವರಲ್ಲಿ ಬಾಣಂತಿ. ನಮ್ಮ ದೊಡ್ಡಪ್ಪ ಎಳೆಕೂಸು. ನಮ್ಮಲ್ಲಿ ಮಗಳು ತವರಿಂದ ಹೊರಡುವಾಗ ತಾಯಿ ಅವಳ ಸೆರಗಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ಹಾಕಿ ಮಡಿಲು ತುಂಬುತ್ತಾಳೆ. ಮಗಳು ಅದರಲ್ಲಿ ಒಂದು ಹಿಡಿ ಅಕ್ಕಿಯನ್ನು ಹೊಸ್ತಿಲ ಒಳಗೆ ಹಾಕಿ ಬರಬೇಕು. ಎಲ್ಲ ಬಾಚಿಕೊಂಡು ಹೋದಳು ಅಂತ ಆಗಬಾರದು, ತವರು ತುಂಬಿಕೊಂಡಿರಲಿ ಅಂತ. ಅಜ್ಜಿಯ ಮಡಿಲು ತುಂಬಿತು. ಅಕ್ಕಿ ಹಾಕೋಣ ಅಂತ ತಿರುಗಿದರೆ ಹೊಸ್ತಿಲೇ ಇಲ್ಲ. ಅದನ್ನೂ ಕಿತ್ತು ಲಾರಿಗೆ ಹಾಕಿದ್ದರು.

'ಇಲ್ಲಾಕಿದ್ರೆ ನೀರುಪಾಲು ಕಣ್ಮಗಾ,' ಅಂದರಂತೆ ಅವಳ ತಾಯಿ. 'ಗುಡ್ಡದ ಮ್ಯಾಗಲ ಬಂಡೆ ಮುಳುಗಾಕಿಲ್ವಂತೆ. ಕೂಸು ಗಟ್ಟಿಯಾದ ಮ್ಯಾಲೆ ಬಂದು ಅಲ್ಲಿಕ್ಕು.'

'ಊಂ ಕಣವ್ವ, ಇಕ್ತೀನಿ,' ಅಂದಳಂತೆ ಅಜ್ಜಿ.

ಕೂಸು ಗಟ್ಟಿಯಾಯಿತು, ಮದುವೆಯಾಗಿ ಮಕ್ಕಳ ತಂದೆಯೂ ಆಯಿತು. ಗುಡ್ಡಕ್ಕೆ ಹೋಗಲು ದೋಣಿ ಇರಲಿಲ್ಲ. ಯಾರಾದರೂ ಹರಿಗೋಲು ಬಿಟ್ಟ ವರ್ಷ ಅಜ್ಜಿಗೆ ಬಿಡುವಿರಲಿಲ್ಲ. ಬಿಡುವು ಅಂತ ಸಿಕ್ಕಿದ್ದು ಬಚ್ಚಲಲ್ಲಿ ಜಾರಿ ತೊಡೆಯ ಮೂಳೆ ಮುರಿದುಕೊಂಡು, ಹಾಸನದ ಆಸ್ಪತ್ರೆಯಿಂದ ಗಾಲಿ ಕುರ್ಚಿಯಲ್ಲಿ ಮನೆಗೆ ಬಂದ ಮೇಲೆ. ಇನ್ನು ನಿಲ್ಲಲು ಆಗುವುದಿಲ್ಲ ಅಂದಿದ್ದರು ಡಾಕ್ಟರು.

ಸಂಕ್ರಾಂತಿ ಕಳೆದ ವಾರ ದೊಡ್ಡಪ್ಪನ ಮಗ ಸಂಜಯಣ್ಣ ಮೊಬೈಲು ಹಿಡಿದುಕೊಂಡು ಬಂದ.

'ನೋಡಜ್ಜಿ, ನಿನ್ ತವರಿಗೆ ಕ್ರೂಸ್ ಬಿಟ್ಟವ್ರೆ.'

'ಅಂಗಂದ್ರೇನ್ಲಾ?'

'ದೊಡ್ಡೋರ ದೋಣಿ. ಕುಂತ್ಕಂಡು ಚಿಪ್ಸ್ ತಿನ್ಕಂಡು ಓಗೋದು. ಮಧ್ಯದಾಗೆ ದ್ವೀಪದಾಗೆ ಇಳಿಸ್ತಾರಂತೆ, ಫೋಟೊ ತಗಳ್ಳಾಕೆ.'

ಅಜ್ಜಿ ಮೊಬೈಲನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು. ಆಮೇಲೆ ದೂರ ಹಿಡಿದು ನೋಡಿದಳು. 'ಇದು ದ್ವೀಪ ಅಲ್ಲ ಕಣ್ಲಾ, ನಮ್ ಗುಡ್ಡ. ಭಾನ್ವಾರ ಗಾಡಿ ತಗಿ,' ಅಂದಳು.

ಕ್ರೂಸ್ ಅಂದರೆ ಅಗಲ ತಳದ ಒಂದು ಇಂಜಿನ್ ದೋಣಿ. ಮೇಲೆ ನೀಲಿ ಟಾರ್ಪಾಲು, ಒಳಗೆ ಪ್ಲಾಸ್ಟಿಕ್ ಕುರ್ಚಿ. ನಡೆಸುವವನು ದೇವರಾಜ್, ಕುತ್ತಿಗೆಗೆ ಸೀಟಿ ಹಾಕಿಕೊಂಡು ಓಡಾಡುವ ಮನುಷ್ಯ. ದಡದಿಂದ ದೋಣಿಗೆ ಸಿಮೆಂಟಿನ ಕಟ್ಟೆ ಇದ್ದುದರಿಂದ ಹತ್ತುವುದು ಸುಲಭವಾಯಿತು. ಅಜ್ಜಿ ಮಡಿಲಲ್ಲಿ ಅಕ್ಕಿ ಕಟ್ಟಿಕೊಂಡು ನೀರನ್ನೇ ನೋಡುತ್ತಾ ಕೂತಳು. ಈಗ ಮಾವನ ಮನೆ ಮೇಲೆ ಹೋಗುತ್ತಿದ್ದೇವೆ, ಈಗ ಬಾವಿ ಮೇಲೆ, ಈಗ ಹುಣಸೆ ಮರದ ತುದಿಯ ಮೇಲೆ ಅಂತ ಒಂದೊಂದೇ ಹೇಳಿದಳು. ನಾನು ಬಗ್ಗಿ ನೋಡಿದೆ. ಹಸಿರು ನೀರು ಬಿಟ್ಟು ಏನೂ ಕಾಣಲಿಲ್ಲ. ಆದರೂ ಹುಣಸೆ ಮರ ಬಂದಾಗ ತಲೆ ಬಗ್ಗಿಸಿದೆ.

ತೊಂದರೆ ಶುರುವಾದದ್ದು ಗುಡ್ಡದ ಬುಡದಲ್ಲಿ. ಇಳಿಯಲು ಒಂದು ಹಲಗೆ. ಹಲಗೆಯಿಂದಾಚೆ, ನೀರು ಇಳಿದು ಬಿಟ್ಟ ಮೆತ್ತನೆ ಕೆಸರುಮಣ್ಣು, ಗೋಡು. ಹಲಗೆಯ ಅರ್ಧದಲ್ಲಿ ಅಜ್ಜಿಯ ಕಾಲ್ಬೆರಳು ಬಿರುಕಿಗೆ ಸಿಕ್ಕಿ ಕುರ್ಚಿ ಮುಂದಕ್ಕೆ ವಾಲಿತು. ದೇವರಾಜ್ ಹಾರಿ ಹಿಡಿಯದಿದ್ದರೆ ಅಜ್ಜಿಯೂ ಕುರ್ಚಿ ಹಿಡಿದಿದ್ದ ನಾನೂ ನೀರಲ್ಲಿರುತ್ತಿದ್ದೆವು.

'ಅಜ್ಜಮ್ಮ, ಕಾಲ್ಯಾಕೆ ನೇತಾಡ್ತಾವೆ? ಕಾಲಿಡೋ ತಟ್ಟೆ ಎಲ್ಲಿ ಈ ಕುರ್ಚಿಗೆ?'

ಸಂಜಯಣ್ಣ ನನ್ನನ್ನು ನೋಡಿದ. ನಾನು ಅಜ್ಜಿಯನ್ನು ನೋಡಿದೆ. ಅಜ್ಜಿ ನೀರನ್ನು ನೋಡಿದಳು.

ತಟ್ಟೆಗಳು ಮನೆಯಲ್ಲಿ, ದೇವರ ಗೂಡಿನ ಕೆಳಗಿದ್ದವು. ಆಯುಧಪೂಜೆಯ ದಿನ ಟ್ರಾಕ್ಟರು, ಪಂಪಿನ ಮೋಟರು, ಮಚ್ಚು, ಕುಡುಗೋಲಿನ ಜೊತೆ ಗಾಲಿ ಕುರ್ಚಿಗೂ ಪೂಜೆ ಮಾಡಿದ್ದೆವು. ಪೂಜೆ ಅಂದಮೇಲೆ ಬಿಡಬಾರದು ಅಂತ ನಾನು ಆ ಎರಡು ತಟ್ಟೆಗೂ ಅರಿಶಿನ ಕುಂಕುಮ ಇಟ್ಟು ಹೂ ಮುಡಿಸಿದೆ. ಮಾರನೆ ದಿನ ಅಜ್ಜಿ ಅದರ ಮೇಲೆ ಕಾಲಿಡಲು ಒಪ್ಪಲಿಲ್ಲ. ಕುಂಕುಮ ಇಟ್ಟದ್ದನ್ನು ತುಳಿಯುತ್ತಾರಾ ಅಂತ ಬಿಚ್ಚಿಸಿಯೇ ಬಿಟ್ಟಳು. ಮನೆಯ ನುಣ್ಣನೆ ನೆಲದಲ್ಲಿ ಕಾಲು ಎಳೆದುಕೊಂಡು ಓಡಾಡಿದ್ದಕ್ಕೆ ಯಾರಿಗೂ ಅದು ದೊಡ್ಡದಾಗಿ ಕಂಡಿರಲಿಲ್ಲ.

ಹೇಗೋ ಹಲಗೆ ದಾಟಿಸಿದೆವು. ದಾಟಿದ್ದೇ ತಡ, ಮುಂದಿನ ಸಣ್ಣ ಗಾಲಿಗಳು ಗೋಡಿನಲ್ಲಿ ಹೂತುಕೊಂಡವು. ತಳ್ಳಿದಷ್ಟೂ ಕೆಳಗೆ.

'ಇಷ್ಟು ದೂರ ಬಂದಿದ್ದೀರಲ್ಲ, ಇಲ್ಲಿಂದ್ಲೇ ಕೈ ಮುಗಿದುಬಿಡಿ,' ಅಂದ ದೇವರಾಜ್. ಅಜ್ಜಿ ಮಡಿಲ ಗಂಟನ್ನು ಇನ್ನೂ ಬಿಗಿಯಾಗಿ ಹಿಡಿದದ್ದು ಕಂಡು ಮೆತ್ತಗಾದ. 'ಓಗ್ಲಿ, ನಾಕು ಜನ ಇದ್ದೀವಿ. ಕುರ್ಚಿ ಸಮೇತ ಎತ್ಕಂಡು ಮೇಲಕ್ ಬಿಡ್ತೀವಿ.'

'ನಾಕು ಜನ ಎತ್ಕಂಡೋಗೋದು ಯಾವಾಗ ಅಂತ ಗೊತ್ತೇನಪ್ಪಾ ನಿಂಗೆ?' ಅಂದಳು ಅಜ್ಜಿ. 'ಅದಕ್ಕಿನ್ನೂ ಟೈಮೈತೆ. ತವರಿಗೆ ಹೆಣ್ಮಗಳು ಹೊರಿಸ್ಕಂಡು ಬರಾಕಿಲ್ಲ. ನೆಲ ಮುಟ್ಕಂಡು ಬತ್ತಾಳೆ. ಗಾಲಿ ಮುಟ್ಟಿದ್ರೂ ಆಯ್ತು.'

ಅಷ್ಟರಲ್ಲಿ ನೀರಿನ ಮೇಲೆ ಗಾಳಿ ಎದ್ದಿತು. ಮಧ್ಯಾಹ್ನದ ಗಾಳಿಗೆ ಅಲೆ ಜೋರಾಗುತ್ತದೆ ಅಂತ ದೇವರಾಜ್ ಸೀಟಿ ಊದಿ ಎಲ್ಲರನ್ನೂ ಹತ್ತಿಸಿದ. ಅಕ್ಕಿ ಮಡಿಲಲ್ಲೇ ಉಳಿಯಿತು.

ಗಾಡಿ ಹತ್ತಿ ವಾಪಸ್ಸು ಹೊರಟೆವು. ಹಾಸನ ದಾಟಿತು. ಶಾಂತಿಗ್ರಾಮದಲ್ಲಿ ಸಂಜಯಣ್ಣ ಟೀ ಕುಡಿಯಲು ನಿಲ್ಲಿಸಿದಾಗ ಅಜ್ಜಿ ಬಾಯಿಬಿಟ್ಟಳು.

'ಬರೋ ಭಾನ್ವಾರ ಮತ್ತೆ ಓಗನ.'

'ಅಜ್ಜಿ, ಆ ಗೋಡಲ್ಲಿ ಎಮ್ಮೆನೇ ನಡೆಯಾಕಿಲ್ಲ.'

'ಎಮ್ಮೆ ಯಾಕ್ಲಾ ಓಯ್ತದೆ? ಎಮ್ಮೆ ತವರೇನು ಅಲ್ಲೈತಾ?'

ಮನೆಗೆ ಬಂದ ತಕ್ಷಣ ಸಂಜಯಣ್ಣ ದೇವರ ಗೂಡಿನ ಕೆಳಗಿಂದ ತಟ್ಟೆಗಳನ್ನು ತಂದು ಅಜ್ಜಿಯ ಮುಂದಿಟ್ಟ. ಅಜ್ಜಿ ಮುಖ ತಿರುಗಿಸಿದಳು.

'ಟ್ರಾಕ್ಟರ್‌ಗೂ ಪೂಜೆ ಮಾಡಿದ್ವಿ ಅಲ್ವಾ ಅಜ್ಜಿ? ಬ್ರೇಕಿಗೂ ಕುಂಕುಮ ಇಟ್ಟಿದ್ಲು ಇವ್ಳು. ಇವತ್ತಿಂದ ನಾನು ಬ್ರೇಕನ್ನ ಕೈಯಲ್ಲಿ ಒತ್ಲಾ?'

ಅಜ್ಜಿಗೆ ನಗು ಬಂತು, ತಡೆದುಕೊಂಡಳು. ಆಮೇಲೆ ಒಂದೊಂದೇ ತಟ್ಟೆಯನ್ನು ಎತ್ತಿ ಕಣ್ಣಿಗೊತ್ತಿಕೊಂಡು, 'ತಪ್ಪು ತಿಳೀಬ್ಯಾಡ ಕಣವ್ವ, ತವರಿಗೋಗ್ಬೇಕು,' ಅಂತ ಅದಕ್ಕೇ ಹೇಳಿ ನನ್ನ ಕೈಗೆ ಕೊಟ್ಟಳು. ನಾನು ಸ್ಪ್ಯಾನರ್ ಹಿಡಿದು ಕೂತೆ.

ಗೋಡಿನದು ಉಳಿದಿತ್ತು. ರಾಜಕುಮಾರಿಗೆ ದಾರಿ ಕಾಣದಿದ್ದರೆ ಗಿಳಿಯೋ ಇರುವೆಯೋ ಬಂದು ಹೇಳುವುದು ಅಜ್ಜಿಯ ಕಥೆಗಳಲ್ಲಿ ವಾಡಿಕೆ. ಮಾರನೆ ಬೆಳಿಗ್ಗೆ ನಾನು ಜಗಲಿಯಲ್ಲಿ ಕೂತು ಹಾಗೆ ಏನಾದರೂ ಬರುತ್ತದಾ ಅಂತ ತೋಟವನ್ನೇ ನೋಡುತ್ತಿದ್ದೆ. ಗಿಳಿ ಬರಲಿಲ್ಲ. ಒಂದು ಒಣಗರಿ ತೆಂಗಿನ ಮರದಿಂದ ದೊಪ್ಪನೆ ಬಿತ್ತು. ಹೋದ ಮಳೆಗಾಲದಲ್ಲಿ ಕಾಯಿ ತುಂಬಿದ ಗಾಡಿ ಕೆಸರಿಗೆ ಸಿಕ್ಕಾಗ ದೊಡ್ಡಪ್ಪ ಚಕ್ರದ ಕೆಳಗೆ ಗರಿ ಹಾಸಿದ್ದು ನೆನಪಾಗಿ ಅಜ್ಜಿಯ ಹತ್ತಿರ ಓಡಿದೆ.

'ಬರೇ ಗರಿ ಆದ್ರೆ ಜಾರ್ತದೆ,' ಅಂದಳು ಅಜ್ಜಿ. 'ಹಸೀ ಗರಿ ತರಿಸು. ಚಪ್ಪರಕ್ಕೆ ಹೆಣಿಯಂಗೆ ಹೆಣೆದು ಹಾಕನ.'

ವಾರವೆಲ್ಲ ಅದೇ ಕೆಲಸ. ಸಂಜಯಣ್ಣ ಗರಿ ಕಡಿದು, ದಿಂಡು ಸೀಳಿ, ನೀರಿನ ತೊಟ್ಟಿಯಲ್ಲಿ ನೆನೆಹಾಕುವನು. ಅಜ್ಜಿ ಕುರ್ಚಿಯಲ್ಲಿ ಕೂತು, ಸೀಳಿದ ಗರಿಯ ತುದಿಯನ್ನು ತಟ್ಟೆಯ ಮೇಲಿದ್ದ ಕಾಲಲ್ಲಿ ಒತ್ತಿ ಹಿಡಿದು ಒಂದು ಎಲೆ ಮೇಲೆ ಒಂದು ಎಲೆ ಕೆಳಗೆ ಹೆಣೆಯುವಳು. ನನ್ನದು ಸಡಿಲವಾದರೆ ಬಿಚ್ಚಿಸುವಳು. ಸಾಯಂಕಾಲ ತೋಟದ ಕಾಲುವೆಗೆ ನೀರು ಬಿಟ್ಟು ಕೆಸರು ಮಾಡಿ, ಗರಿ ಹಾಸಿ, ಕುರ್ಚಿಯಲ್ಲಿ ನನ್ನನ್ನೇ ಕೂರಿಸಿ ತಳ್ಳಿ ನೋಡುತ್ತಿದ್ದೆವು. ಎರಡು ಸಲ ನಾನು ಕೆಸರಿಗೆ ಬಿದ್ದೆ. ಗರಿ ಹಾಸಿದರೂ ಮುಂದಿನ ಸಣ್ಣ ಗಾಲಿಗಳು ಹೂತುಕೊಳ್ಳುತ್ತವೆ ಅಂತ ಆಗ ಗೊತ್ತಾಯಿತು. ಕುರ್ಚಿಯನ್ನು ತಿರುಗಿಸಿ ಹಿಂದಿನ ದೊಡ್ಡ ಗಾಲಿ ಮೊದಲಾಗಿ ಎಳೆದರೆ ಹೂಳುತ್ತಿರಲಿಲ್ಲ.

ಭಾನುವಾರ ಗರಿಗಳ ಹೊರೆ ನೋಡಿ ದೇವರಾಜ್ ಸೀಟಿಯನ್ನು ಬಾಯಿಂದ ತೆಗೆದ. 'ಇದು ಕ್ರೂಸು ಕಣಜ್ಜಮ್ಮ, ಲಗೇಜ್ ಗಾಡಿ ಅಲ್ಲ.'

'ಗರಿಗೂ ಟಿಕೀಟು ಹರಿ.'

ಅವನು ಹರಿಯಲಿಲ್ಲ. ಗಾಳಿ ಎದ್ದರೆ ಮಾತ್ರ ಯಾರಿಗೂ ಕಾಯುವುದಿಲ್ಲ ಅಂತ ಹೇಳಿ ಹೊರೆಗೆ ತಾನೂ ಒಂದು ಕೈ ಹಾಕಿದ.

ಹಾಸನದ ನಿವೃತ್ತ ಮೇಷ್ಟ್ರು ಷಡಕ್ಷರಿ ಅಂತ ಒಬ್ಬರು, ಅವರ ಹೆಂಡತಿ ನೀಲಾಂಬಿಕೆ, ಆ ದಿನ ನಮ್ಮ ಪಕ್ಕದಲ್ಲಿ ಕೂತಿದ್ದರು.

'ಏನಮ್ಮಾ, ದ್ವೀಪದಲ್ಲಿ ಚಪ್ಪರ ಹಾಕ್ತೀರಾ? ಮದುವೆ ಯಾರಿಗೆ?' ಅಂದರು ಮೇಷ್ಟ್ರು.

'ನಿಮ್ಗೇ ಮಾಡನ ಸಾ, ಮನೆಯೋರು ಒಪ್ಪಿದ್ರೆ.'

'ಕರ್ಕೊಂಡು ಹೋಗಿ ಮಾಡ್ಸಿ ತಾಯಿ,' ಅಂದರು ನೀಲಾಂಬಿಕೆ. 'ನನಗೂ ಸ್ವಲ್ಪ ರಜ ಸಿಗುತ್ತೆ.'

ಗುಡ್ಡ ಬಂತು. ಹಲಗೆಯ ಮೇಲೂ ಒಂದು ಗರಿ ಹಾಸಿದೆವು. ಅಜ್ಜಿಯ ಎರಡು ಕಾಲೂ ತಟ್ಟೆಯ ಮೇಲೆ ನೆಟ್ಟಗೆ ಕೂತಿದ್ದವು. ಕುರ್ಚಿ ಅಲುಗದೆ ದಾಟಿತು. ಗೋಡಿನ ಅಂಚಿನಲ್ಲಿ ಸಂಜಯಣ್ಣ ಕುರ್ಚಿ ತಿರುಗಿಸಿದ. ಅಜ್ಜಿಯ ಬೆನ್ನು ಗುಡ್ಡದ ಕಡೆ, ಮುಖ ನೀರಿನ ಕಡೆ.

'ಲೋ, ಇಂದ್ಮುಂದಾಗಿ ಕರ್ಕಂಡೋಯ್ತೀಯಲ್ಲೋ.'

'ಗಾಲಿ ಹಂಗೇ ಬರೋದು ಅಜ್ಜಿ. ಸುಮ್ನೆ ಕುಂತ್ಕೋ.'

ಸಂಜಯಣ್ಣ ಹಿಡಿಕೆ ಹಿಡಿದು ಎಳೆದ. ನಾನು ಎದುರಿಗೆ ನಿಂತು ತಟ್ಟೆ ಎತ್ತಿ ಹಿಡಿದು ಜೊತೆಗೆ ಹೆಜ್ಜೆ ಹಾಕಿದೆ. ಹೆಣೆದ ಗರಿ ಮೆತ್ತಗೆ ಕುಸಿದು, ಅಲ್ಲಿಗೇ ನಿಂತಿತು. ಗಾಲಿ ಹೂಳಲಿಲ್ಲ. ಆದರೆ ಗೋಡು ನಾವು ಅಂದುಕೊಂಡದ್ದಕ್ಕಿಂತ ಅಗಲ. ತಂದ ಗರಿಯೆಲ್ಲ ಅರ್ಧ ದಾರಿಗೇ ಮುಗಿಯಿತು. ನಾನು ಕೈಬಿಟ್ಟು ಹಿಂದಕ್ಕೆ ಓಡುವ ಹಾಗಿರಲಿಲ್ಲ. ಏನು ಮಾಡುವುದು ಅಂತ ನಿಂತಿದ್ದಾಗ ನೀಲಾಂಬಿಕೆಯವರು ಚಪ್ಪಲಿ ಬಿಟ್ಟು, ಸೀರೆ ಎತ್ತಿ ಸಿಕ್ಕಿಸಿ, ನಾವು ದಾಟಿ ಬಂದ ಗರಿಯನ್ನು ಗೋಡಿನಿಂದ ಎಳೆದು ಮುಂದಕ್ಕೆ ತಂದು ಹಾಸಿದರು.

'ನೋಡ್ತಾ ನಿಂತ್ಕೋಬೇಡಿ ರೀ, ಇನ್ನೊಂದು ತನ್ನಿ,' ಅಂದರು ಗಂಡನಿಗೆ.

ಮೇಷ್ಟ್ರು ಪ್ಯಾಂಟು ಮಡಚಿದರು. ಹಿಂದಿನದು ಮುಂದಕ್ಕೆ, ಹಿಂದಿನದು ಮುಂದಕ್ಕೆ. ದಾರಿ ನಮ್ಮ ಜೊತೆಗೇ ನಡೆದು ಬಂತು. ಗೋಡು ಮುಗಿದು ಗಟ್ಟಿ ನೆಲ ಸಿಕ್ಕಾಗ ಕೆಳಗಿಂದ ದೇವರಾಜ್ ಕೂಗಿದ.

'ಅಜ್ಜಮ್ಮ, ಗಾಳಿ ಏಳ್ತಾ ಐತೆ.'

'ಏಳ್ಲಿ. ನಾನೂ ಏರ್ತಾ ಇವ್ನಿ.'

ಮುಂದೆ ಏರು. ಲಂಟಾನದ ಬೇರು, ಸಣ್ಣ ಕಲ್ಲು. ಸಂಜಯಣ್ಣನ ಕುತ್ತಿಗೆಯ ನರ ಉಬ್ಬಿತ್ತು. ಒಂದು ಬೇರಿಗೆ ಗಾಲಿ ಸಿಕ್ಕಿ, ಕುರ್ಚಿ ಹಿಂದಕ್ಕೂ ಇಲ್ಲ ಮುಂದಕ್ಕೂ ಇಲ್ಲ. ಅಜ್ಜಿ ಎರಡು ಕೈಯಿಂದ ಗಾಲಿಯ ಸುತ್ತಿನ ಕಂಬಿ ಹಿಡಿದು ಹಿಂದಕ್ಕೆ ಜಗ್ಗಿದಳು. ಮನೆಯಲ್ಲಿ ಹೊಸ್ತಿಲು ದಾಟಲೂ ನನ್ನನ್ನು ಕೂಗುವ ಅಜ್ಜಿ. ಕೈಯ ನೀಲಿ ನರಗಳೆಲ್ಲ ಎದ್ದು ನಿಂತವು. ಗಾಲಿ ಬೇರನ್ನು ಹತ್ತಿ ಇಳಿಯಿತು.

ಮೇಲೇರಿದಷ್ಟೂ ಅವಳ ಕಣ್ಣೆದುರು ನೀರು ಅಗಲವಾಗುತ್ತಾ ಹೋಯಿತು. ನನಗೆ ಅವಳ ಮುಖ ಮಾತ್ರ ಕಾಣುತ್ತಿತ್ತು. ಕಣ್ಣು ಎಡಕ್ಕೆ ಹೋಗಿ ಒಂದು ಕಡೆ ನಿಲ್ಲುವುದು, ಬಲಕ್ಕೆ ಹೋಗಿ ಇನ್ನೊಂದು ಕಡೆ ನಿಲ್ಲುವುದು. ಬೀದಿ ಬೀದಿಯಾಗಿ ನೋಡುತ್ತಿದ್ದಾಳೆ ಅನ್ನಿಸಿತು.

'ಅವತ್ತು ಲಾರಿಲಿ ಊರಿಗೆ ಬೆನ್ನಾಕಿ ಕುಂತಿದ್ದೆ,' ಅಂದಳು. 'ನೋಡಿದ್ರೆ ಅಳು ಬತ್ತದೆ, ಹಾಲು ಕೆಡ್ತದೆ ಅಂತ ನಮ್ಮವ್ವ ತಿರುಗಾಕೇ ಬಿಡ್ನಿಲ್ಲ. ಇವತ್ತು ನೋಡ್ಕಂಡೇ ಬಂದೆ.'

ಕುರ್ಚಿಯ ಬೆನ್ನು ಯಾವುದಕ್ಕೋ ತಾಗಿ ನಿಂತಿತು. ಸಂಜಯಣ್ಣ ಮೆಲ್ಲಗೆ ತಿರುಗಿಸಿದ. ಬಂಡೆ. ಸೊಂಟದೆತ್ತರ, ಮೇಲೆ ಚಪ್ಪಟೆ, ಬಿಸಿಲಿಗೆ ಕಾದಿತ್ತು. ಕೆಳಗೆ ದೇವರಾಜನ ಸೀಟಿ ಒಂದೇ ಸಮನೆ ಕೂಗುತ್ತಿತ್ತು. ಅಜ್ಜಿ ಅವಸರ ಮಾಡಲಿಲ್ಲ. ಬಂಡೆಯ ಮೇಲಿದ್ದ ಒಣಗಿದ ಎಲೆಗಳನ್ನು, ಮನೆ ಜಗಲಿ ಒರೆಸಿದ ಹಾಗೆ, ಅಂಗೈಯಿಂದ ಗುಡಿಸಿದಳು. ಸೆರಗಿನ ಗಂಟಿಗೆ ಕೈ ಹಾಕಿದಳು, ಗಂಟು ಬಿಗಿಯಾಗಿತ್ತು. ನಾನು ಕೈ ಚಾಚಿದೆ.

'ಬ್ಯಾಡ ಮಗಾ. ನಾನೇ ಬಿಚ್ಚಬೇಕು.'

ಬಿಚ್ಚಿದಳು. ಕೈ ತುಂಬ ಅಕ್ಕಿ ಎತ್ತಿಕೊಂಡು ಮುಂದಕ್ಕೆ ಬಾಗಿದಳು. ಕೈ ಸಾಲಲಿಲ್ಲ. ನಾನು ಅವಳ ಸೊಂಟ ಬಳಸಿ ಹಿಡಿದೆ, ಸಂಜಯಣ್ಣ ಕುರ್ಚಿಯ ಮೇಲೆ ಭಾರ ಹಾಕಿ ನಿಂತ. ಅಜ್ಜಿ ಇನ್ನಷ್ಟು ಬಾಗಿ, ಮುಷ್ಟಿಯನ್ನು ಬಂಡೆಯ ಮಧ್ಯಕ್ಕೆ ಒಯ್ದು, 'ಇಕ್ಕಿದೆ ಕಣವ್ವ,' ಅಂತ ಕೈ ಬಿಟ್ಟಳು.